ಭಂಡಾರಿ ಬಸವಣ್ಣನವರು

ಅಣ್ಣ ಬಸವಣ್ಣನವರ ಚರಿತ್ರೆಯನ್ನು ಕೇಳಿ ಬೆಳೆಯದ ಶಿವಭಕ್ತರ ಮನೆಯಿಲ್ಲ. ಕಪ್ಪಡಿ ಸಂಗಮದ ವಿದ್ಯಾಭ್ಯಾಸ, ಕಲ್ಯಾಣದ ಮಹಾಮನೆ, ಅಲ್ಲಿಯ ಎಡೆಬಿಡದ ದಾಸೋಹ, ಅನುಭವಮಂಟಪದ ಗೋಷ್ಠಿ ಇವು ಮಕ್ಕಳಿಗೂ ಬಾಯಿಪಾಠವಾಗಿವೆ. ಆದರೆ ಹೊತ್ತೇರಿದ ಮೇಲೆ ಬಸವಣ್ಣನವರು ಮಹಾಮನೆಯಿಂದ ಹೊರಟು ಹೋಗುತ್ತಿದ್ದ ಇನ್ನೊಂದು ಸ್ಥಳವಿತ್ತೆಂಬುದನ್ನು ನಾವು ಹೆಚ್ಚಾಗಿ ಮರೆಯುತ್ತೇವೆ. ಅದು ಬಿಜ್ಜಳನ ಭಂಡಾರ. ಅಲ್ಲಿ ಅವರು ಗುರುವಲ್ಲ, ಉದ್ಯೋಗಸ್ಥರು. ಮೇಲೊಬ್ಬ ಒಡೆಯ, ಸರೀಕರಾದ ಅಧಿಕಾರಿಗಳು, ಕೆಳಗೆ ಕರಣಿಕರು, ಎದುರಿಗೆ ಲೆಕ್ಕದ ಕಡತ; ಅಂಗಡಿ, ಅಕ್ಕಿಯ ಗಿರಣಿ, ಕಚೇರಿ, ಸಹಕಾರ ಸಂಘಗಳಲ್ಲಿ ಹಗಲು ಕಳೆದು ಸಂಜೆಗೆ ಮನೆ ಸೇರುವ ಇಂದಿನ ಗೃಹಸ್ಥರ ಬಾಳಿನಂತೆಯೇ ಅವರ ಬಾಳೂ ಇದ್ದಿತು. ಆ ಉದ್ಯೋಗದ ಮನೆಯ ಗಾಳಿ ಹೇಗಿತ್ತು, ಅದು ಕೆಟ್ಟುದು ಹೇಗೆ, ಕೆಟ್ಟುದರಿಂದ ಕಡೆಗೆ ಯಾರಿಗೆ ಏನಾಯಿತು ಎಂಬುದನ್ನು ನೋಡಿದರೆ ಈ ಪರಿಚಿತ ಚರಿತ್ರೆಯ ಒಂದು ಮಗ್ಗುಲು ಹೊಸದಾಗಿ ಕಾಣುವುದು.

12ನೆಯ ಶತಮಾನದ ಮೊದಲರ್ಧದಲ್ಲಿ ಬಾಗೇವಾಡಿಯ ಮಾದರಸ ಮಾದಲಾಂಬಿಕೆಯರ ಉದರದಲ್ಲಿ ಬಸವಣ್ಣನವರು ಜನಿಸಿದರು. ಕರ್ಮದ ಕಟ್ಟಳೆಗಳಿಗೆ ಮನಸ್ಸು ಒಗ್ಗದೆ, ಜನಿವಾರವನ್ನು ತೊರೆದು, ಕೃಷ್ಣಾ ಮಲಪ್ರಭೆಗಳು ಕೂಡುವ ಕೂಡಲಸಂಗಮಕ್ಕೆ ಹೋಗಿ ಅಲ್ಲಿಯ ಸ್ಥಾನಪತಿಗಳ ಆಶ್ರಯದಲ್ಲಿ ವಿದ್ಯೆ ಕಲಿತರು. ಅಕ್ಕ ನಾಗಮ್ಮನವರ ವಾತ್ಸಲ್ಯ ಅವರಿಗೆ ಕಡೆಯವರೆಗೂ ಬೆನ್ನೆಲುಬಾಗಿ ನಿಂತಿತು. ಇಷ್ಟನ್ನು ಇಲ್ಲಿ ನೆನೆದರೆ ಸಾಕು.

ಸಂಗಮವನ್ನು ಬಿಟ್ಟು ಬಂದ ತರುಣ ಬಸವಣ್ಣನವರು ಮೊದಲು ಕಾಲಿಟ್ಟುದು ಮಂಗಳವಾಡದಲ್ಲಿ. ಇಂದು ಮಹಾರಾಷ್ಟ್ರದ ಸೋಲಾಪುರ ಜಿಲ್ಲೆಗೆ ಸೇರಿರುವ ಆ ಊರು ಅಂದು ಕಳಚುರಿ ಮಾಂಡಲಿಕರ ರಾಜಧಾನಿಯಾಗಿತ್ತು. ಹರಿಹರ ಕವಿಯ ರಗಳೆಯು ಈ ಪ್ರಸಂಗವನ್ನು ಬಹು ಸೊಗಸಾಗಿ ಹೇಳುತ್ತದೆ. ಭಂಡಾರದ ಅಧಿಕಾರಿಯಾದ ಸಿದ್ಧದಂಡಾಧೀಶನ ಮುಂದೆ ಕರಣಿಕರು ಕುಳಿತು ಲೆಕ್ಕ ಒಪ್ಪಿಸುತ್ತಿದ್ದಾರೆ. ಪಕ್ಕದಲ್ಲಿ ಕುಳಿತ ಹೊಸಬನೊಬ್ಬನು ಅವರ ಲೆಕ್ಕದಲ್ಲಿ ತಪ್ಪನ್ನು ಕಾಣುತ್ತಾನೆ. ಕಂಡುದನ್ನು ಎದುರೆದುರಿಗೆ ವಿನಯದಿಂದ ತೋರಿಸಿಕೊಡುತ್ತಾನೆ. ದಂಡಾಧೀಶನು ಮುನಿಯಲಿಲ್ಲ. ತಪ್ಪು ತೋರಿಸಿದವನನ್ನು ಹೊರಗೆ ಅಟ್ಟದೆ ಒಳಗೆ ಕರೆದು ಗಣಕರ ನಡುವೆ ಕೂರಿಸಿದನು. ಈ ಚಿಕ್ಕ ಸಂಗತಿಯಲ್ಲಿ ದೊಡ್ಡ ಅರ್ಥವಿದೆ. ತಪ್ಪನ್ನು ಬೆನ್ನ ಹಿಂದೆ ಆಡದೆ ಮುಖದ ಮುಂದೆ ಆಡಬಹುದಾಗಿದ್ದ, ಆಡಿದವನಿಗೆ ಕೇಡಾಗದಿದ್ದ ಒಂದು ಉದ್ಯೋಗದ ಮನೆಯಲ್ಲಿ ಬಸವಣ್ಣನವರ ಸೇವೆ ಪ್ರಾರಂಭವಾಯಿತು.

ಹರಿಹರನಿಗೆ ಈ ಕೋಣೆಯ ಒಳಗು ಚೆನ್ನಾಗಿ ಗೊತ್ತಿದ್ದುದರಲ್ಲಿ ಆಶ್ಚರ್ಯವಿಲ್ಲ. ಆತನೂ ಹೊಯ್ಸಳರ ದೋರಸಮುದ್ರದಲ್ಲಿ ಕರಣಿಕನಾಗಿದ್ದವನೆಂದೂ, ಅರಮನೆಯ ಲೆಕ್ಕವನ್ನು ತೊರೆದು ಹಂಪೆಯ ವಿರೂಪಾಕ್ಷನ ಸನ್ನಿಧಿಗೆ ಬಂದು ಸೇರಿದವನೆಂದೂ ಪರಂಪರೆ ಹೇಳುತ್ತದೆ. ಕರೂರು, ಸಿರುಗುಪ್ಪ, ಕುರುಗೋಡುಗಳ ಭಕ್ತರು ಇಂದಿಗೂ ಜಾತ್ರೆಗೆ ಹೋಗುವ ಆ ಹಂಪೆಯಲ್ಲಿ ಕುಳಿತೇ, ಒಬ್ಬ ಮಾಜಿ ಕರಣಿಕನು ಇನ್ನೊಬ್ಬ ಕರಣಿಕನ ಬಾಳನ್ನು ಹಾಡಿದನು. ರಗಳೆಯಲ್ಲಿ ಭಂಡಾರದ ಮಾತು ಬಂದೆಡೆಯಲ್ಲೆಲ್ಲ ಕವಿಯ ಕಣ್ಣು ಚುರುಕಾಗುವುದನ್ನು ಓದಿದವರು ಬಲ್ಲರು.

ಸಿದ್ಧದಂಡಾಧೀಶನ ತರುವಾಯ ಭಂಡಾರದ ಹೊಣೆ ಬಸವಣ್ಣನವರಿಗೆ ಬಂದಿತು. ಸೋದರಮಾವನಾದ ಬಲದೇವ ಮಂತ್ರಿಯ ಸ್ಥಾನವೇ ಅವರಿಗೆ ದೊರೆಯಿತೆಂದು ಬಸವಪುರಾಣಗಳು ಹೇಳುತ್ತವೆ. ಹೇಗಿದ್ದರೂ ಅವರು ನಾಡಿನ ಹಣಕ್ಕೆ ಕಾವಲುಗಾರರಾದರು. ಅಂದಿನ ಭಂಡಾರಿಯ ಕೆಲಸ ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಕುಳಿತಿರುವುದಾಗಿರಲಿಲ್ಲ. ಗದ್ಯಾಣ, ಹಣ, ಹಾಗ, ವೀಸಗಳ ಲೆಕ್ಕ. ನಾಡುನಾಡುಗಳಿಂದ ಬರುವ ಸಿದ್ಧಾಯ. ಪೆರ್ಜುಂಕ, ವಡ್ಡರಾವುಳ ಮೊದಲಾದ ಸುಂಕಗಳು. ದೇವಾಲಯಗಳಿಗೂ ಅಗ್ರಹಾರಗಳಿಗೂ ಬಿಟ್ಟ ದತ್ತಿಗಳು. ಸೈನ್ಯದ ವೆಚ್ಚ ಇವೆಲ್ಲ ಆ ಸ್ಥಾನದೊಡನೆ ಹೆಣೆದುಕೊಂಡಿದ್ದವು. ಒಬ್ಬ ಸುಂಕಾಧಿಕಾರಿ ತಂದುದೆಷ್ಟು, ತಂದು ಒಪ್ಪಿಸಿದುದೆಷ್ಟು ಎಂಬುದು ಭಂಡಾರಿಗೆ ತಿಳಿಯುತ್ತಿತ್ತು. ನೇರವಾದ ಮನುಷ್ಯನೊಬ್ಬನು ಆ ಸ್ಥಾನದಲ್ಲಿ ಕುಳಿತರೆ ಯಾರಾರಿಗೆ ಇರಿಸುಮುರಿಸಾಗುವುದೆಂಬುದನ್ನು ವಿವರಿಸಬೇಕಾಗಿಲ್ಲ.

ಇನ್ನು ಒಡೆಯನಾದ ಬಿಜ್ಜಳನ ವಿಷಯ. ಆತನು ಶೂರನೂ ಚತುರನೂ ಆಗಿದ್ದನೆಂಬುದನ್ನು ಯಾರೂ ಅಲ್ಲಗಳೆಯಲಾರರು. ಕಲ್ಯಾಣದ ಚಾಲುಕ್ಯರ ಮಾಂಡಲಿಕನಾಗಿದ್ದು, ಅವರ ನಂಬುಗೆಯಿಂದಲೇ ನಾಡುಗಳ ಆಡಳಿತವನ್ನೂ ದಂಡಿನ ಬಲವನ್ನೂ ಕೈಗೆ ತೆಗೆದುಕೊಂಡು, ಮೂರನೆಯ ತೈಲಪನು ದುರ್ಬಲನಾದುದನ್ನು ನೋಡಿ, 1162ರ ಹೊತ್ತಿಗೆ ತಾನೇ ಚಕ್ರವರ್ತಿಯೆನಿಸಿಕೊಂಡು ಕಲ್ಯಾಣದ ಸಿಂಹಾಸನವನ್ನೇರಿದನು. ಹೀಗೆ ನಂಬಿದ ಒಡೆಯನ ಪೀಠವನ್ನು ಏರಿದವನಿಗೆ ಒಂದು ದೊಡ್ಡ ಕಷ್ಟವುಂಟು. ನಂಬಿಕೆಯ ಸೇವಕನು ಏನು ಮಾಡಬಲ್ಲನೆಂಬುದು ಅವನಿಗೆ ತನ್ನ ಅನುಭವದಿಂದಲೇ ಗೊತ್ತು. ತಾನು ತೈಲಪನಿಗೆ ಮಾಡಿದುದನ್ನು ತನಗೆ ಮತ್ತೊಬ್ಬನು ಮಾಡಬಹುದೆಂಬ ಅಳುಕು ಅವನ ಹಾಸಿಗೆಯ ಮಗ್ಗುಲಲ್ಲಿಯೇ ಮಲಗಿರುತ್ತದೆ. ಅಂತಹ ಅರಸನ ಓಲಗದಲ್ಲಿ ಒಳ್ಳೆಯ ಸುದ್ದಿಗಿಂತ ಗುಟ್ಟಿನ ಸುದ್ದಿಗೆ ಬೆಲೆ ಹೆಚ್ಚು.

ಆ ಬೆಲೆಯನ್ನು ಅರಿತವರಲ್ಲಿ ಮೊದಲಿಗನಾಗಿ ಪುರಾಣಗಳು ಒಬ್ಬನನ್ನು ಹೆಸರಿಸುತ್ತವೆ, ಕೊಂಡೆಯ ಮಂಚಣ್ಣ. ಕೊಂಡೆಯವೆಂದರೆ ಚಾಡಿಯ ಮಾತು. ಅವನು ಮಾಡಿದ ಕೆಲಸವೇ ಅವನ ಹೆಸರಿನ ಮುಂದೆ ಶಾಶ್ವತವಾಗಿ ನಿಂತುಬಿಟ್ಟಿತು. ಮಂಚಣ್ಣನ ಅಸೂಯೆಗೆ ಆಧಾರ ಬೇಕಾದಷ್ಟಿತ್ತು. ಭಂಡಾರಿಯ ಮಹಾಮನೆಗೆ ದಿನದಿನವೂ ಜಂಗಮರು ಬರುತ್ತಿದ್ದಾರೆ. ಅಲ್ಲಿ ಮಡಿವಾಳನೂ ಅಂಬಿಗನೂ ಸಮಗಾರನೂ ಸೇನಬೋವನ ಸಮನಾಗಿ ಕುಳಿತು ಮಾತನಾಡುತ್ತಾರೆ. ಕ್ಷೌರಿಕ ವೃತ್ತಿಯ ಕುಲದಲ್ಲಿ ಹುಟ್ಟಿದ ಹಡಪದ ಅಪ್ಪಣ್ಣನು ಭಂಡಾರಿಯ ಬಲಗೈಯಾಗಿದ್ದಾನೆ. ಹುಟ್ಟಿನಿಂದಲೇ ಮೇಲೆ ಕೂರುವ ಅಭ್ಯಾಸವಿದ್ದವರಿಗೆ ಇದು ಸಹಿಸಲಸದಳವಾಗಿತ್ತು. ಆದರೆ ಅದನ್ನು ಹಾಗೆಯೇ ಹೇಳಿದರೆ ಅರಸನು ಕಿವಿಗೊಡುವನೆಂಬ ಭರವಸೆಯಿಲ್ಲ. ಅರಸನಿಗೆ ನಾಟುವ ಮಾತು ಒಂದೇ, ಹಣ. ಆದುದರಿಂದ ಬಸವನು ಭಂಡಾರದ ಹೊನ್ನನ್ನು ಜಂಗಮರಿಗೆ ಸುರಿಯುತ್ತಿದ್ದಾನೆಂಬ ದೂರು ಹುಟ್ಟಿತು.

ಬಿಜ್ಜಳನು ಭಂಡಾರವನ್ನು ತೆಗೆಸಿದನು. ಕಡತಗಳನ್ನು ಬಿಚ್ಚಿಸಿ, ಹೊನ್ನನ್ನು ಎಣಿಸಿ ನೋಡಿದಾಗ ಲೆಕ್ಕಕ್ಕೆ ಒಂದು ವೀಸವೂ ಕಡಿಮೆಯಾಗಿರಲಿಲ್ಲ. ಇದನ್ನು ಪುರಾಣಕಾರರು ಸಂಗಮನಾಥನ ಪವಾಡವೆಂದು ವರ್ಣಿಸುತ್ತಾರೆ. ಪವಾಡವೆಂದು ನಂಬುವವರು ನಂಬಲಿ. ನೇರವಾದ ಕರಣಿಕನೊಬ್ಬನ ಲೆಕ್ಕ ಸರಿಯಾಗಿರುವುದಕ್ಕೆ ಅವನ ಪ್ರಾಮಾಣಿಕತೆಯೊಂದೇ ಸಾಕಾದ ಕಾರಣವೆಂಬುದನ್ನೂ ಒಪ್ಪಲಿ. ಬಸವಣ್ಣನವರ ಘನತೆ ಅದರಿಂದ ಹೆಚ್ಚುವುದೇ ಹೊರತು ಕುಗ್ಗುವುದಿಲ್ಲ.

ಇಲ್ಲಿ ಗಮನಿಸಬೇಕಾದುದು ಎಣಿಕೆಯಾದ ಮೇಲೆ ನಡೆದ ಸಂಗತಿಯನ್ನು. ಸರಿಯಾಗಿ ಹೇಳುವುದಾದರೆ, ನಡೆಯದೆ ಹೋದ ಸಂಗತಿಯನ್ನು. ಅರಸನು ಬಸವಣ್ಣನವರನ್ನು ಮನ್ನಿಸಿದನು, ಪ್ರಶಂಸಿಸಿದನು, ಸ್ಥಾನದಲ್ಲಿ ಉಳಿಸಿದನು. ಎಲ್ಲವೂ ನ್ಯಾಯವೇ. ಆದರೆ ಸುಳ್ಳು ದೂರು ತಂದವನಿಗೆ ಏನೂ ಆಗಲಿಲ್ಲ. ಮಂಚಣ್ಣನು ಮರುದಿನವೂ ಓಲಗದಲ್ಲಿ ತನ್ನ ಆಸನದಲ್ಲಿಯೇ ಕುಳಿತನು. ಇದನ್ನು ಕಂಡ ಸಾಮಾನ್ಯ ಕರಣಿಕನೊಬ್ಬನು ಮನಸ್ಸಿನಲ್ಲಿ ಯಾವ ಪಾಠವನ್ನು ಬರೆದುಕೊಂಡಾನು? ಸತ್ಯವಂತನು ತನ್ನ ಸತ್ಯವನ್ನು ಭಂಡಾರ ತೆಗೆದು ತೋರಿಸಬೇಕು. ಸುಳ್ಳುಗಾರನು ಏನನ್ನೂ ತೋರಿಸಬೇಕಾಗಿಲ್ಲ. ಗೆದ್ದರೆ ಒಬ್ಬ ಭಂಡಾರಿ ಬೀಳುತ್ತಾನೆ, ಸೋತರೆ ಕಳೆದುಕೊಳ್ಳುವುದು ಏನೂ ಇಲ್ಲ. ಅಪಾಯವೇ ಇಲ್ಲದ ವ್ಯಾಪಾರ! ಯಾವ ಉದ್ಯೋಗದ ಮನೆಯಲ್ಲಿ ಚಾಡಿಗೆ ಸುಂಕವಿಲ್ಲವೋ ಅಲ್ಲಿ ಅದರ ವ್ಯಾಪಾರ ಹೆಚ್ಚುತ್ತ ಹೋಗುವುದು ಸಹಜ. ಕರಣಿಕನು ಲೆಕ್ಕಕ್ಕಿಂತ ಪಕ್ಕದವನ ಮುಖವನ್ನು ಹೆಚ್ಚಾಗಿ ನೋಡತೊಡಗುತ್ತಾನೆ. ತಪ್ಪು ಕಂಡರೆ ಮುಚ್ಚಿಡುತ್ತಾನೆ, ಇಲ್ಲವೆ ಸಮಯ ಬಂದಾಗ ಉಪಯೋಗಿಸಲು ಕೂಡಿಡುತ್ತಾನೆ. ಮಂಗಳವಾಡದಲ್ಲಿ ಸಿದ್ಧದಂಡಾಧೀಶನ ಮುಂದೆ ಅಂದು ನಡೆದುದು ಇಂತಹ ಮನೆಯಲ್ಲಿ ಮತ್ತೆ ನಡೆಯಲಾರದು.

ಅದೇ ಊರಿನಲ್ಲಿ, ಅದೇ ಮನುಷ್ಯನ ಸುತ್ತ, ಇನ್ನೊಂದು ಮನೆಯೂ ಬೆಳೆಯುತ್ತಿದ್ದಿತು. ಮಹಾಮನೆಯಲ್ಲಿಯೂ ನೂರಾರು ಜನರು ಕೂಡಿ ಕೆಲಸ ಮಾಡುತ್ತಿದ್ದರು. ಅಲ್ಲಿಯೂ ಭಿನ್ನಾಭಿಪ್ರಾಯಗಳಿದ್ದವು, ತಪ್ಪುಗಳಿದ್ದವು, ಮುನಿಸುಗಳಿದ್ದವು. ಇಲ್ಲದಿದ್ದರೆ ಅದು ಮನುಷ್ಯರ ಮನೆಯೇ ಆಗುತ್ತಿರಲಿಲ್ಲ. ವ್ಯತ್ಯಾಸವಿದ್ದುದು ಆ ತಪ್ಪುಗಳು ಸಂಚರಿಸುತ್ತಿದ್ದ ದಾರಿಯಲ್ಲಿ. ಅಲ್ಲಮಪ್ರಭುದೇವರು ಮೊದಲಬಾರಿಗೆ ಮಹಾಮನೆಯ ಬಾಗಿಲಿಗೆ ಬಂದಾಗ ಬಸವಣ್ಣನವರು ಲಿಂಗಪೂಜೆಯಲ್ಲಿದ್ದರು. ತಾವೇ ಏಳದೆ ಅಪ್ಪಣ್ಣನನ್ನು ಕರೆಯಲು ಕಳುಹಿಸಿದರು. ಪ್ರಭುದೇವರು ಒಳಗೆ ಬರಲಿಲ್ಲ. ಆಗ ತಪ್ಪನ್ನು ಎತ್ತಿ ಹೇಳಿದವರು ಯಾರು? ವಯಸ್ಸಿನಲ್ಲಿ ಚಿಕ್ಕವರಾದ, ಸಂಬಂಧದಲ್ಲಿ ಸೋದರಳಿಯನಾದ ಚೆನ್ನಬಸವಣ್ಣನವರು. ಮಾವನ ಮುಖದೆದುರಿಗೇ, ಎಲ್ಲರೂ ಕೇಳುವಂತೆ ಹೇಳಿದರು. ರಾಜ್ಯದ ಭಂಡಾರಿಯಾದ ಮಾವನು ಮುನಿಯದೆ ಎದ್ದು ಹೋಗಿ ಪ್ರಭುವಿನ ಪಾದಕ್ಕೆರಗಿ ತಪ್ಪೊಪ್ಪಿಕೊಂಡರು. ಶೂನ್ಯಸಂಪಾದನೆಯಲ್ಲಿ ಈ ಭಾಗವನ್ನು ಓದುವವರು ಮಾತುಗಳ ಗಾಂಭೀರ್ಯಕ್ಕೆ ಮನಸೋಲುವುದು ಸಹಜವಾದರೂ, ಅದರ ಕೆಳಗಿರುವ ಈ ಸರಳ ವ್ಯವಹಾರಧರ್ಮವನ್ನು ಕಡೆಗಣಿಸಬಾರದು.

ಲಿಂಗಸೂಗೂರು ಸೀಮೆಯ ಅಮರೇಶ್ವರದಿಂದ ಬಂದ ಆಯ್ದಕ್ಕಿ ಮಾರಯ್ಯನವರದು ಇನ್ನೊಂದು ಪ್ರಸಂಗ. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಅವರ ಕಾಯಕ. ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಹೆಂಡತಿ ಲಕ್ಕಮ್ಮನವರು ಅದನ್ನು ಅಡಿಗೆಗೆ ತೆಗೆದುಕೊಳ್ಳದೆ, ಹೆಚ್ಚಾದುದನ್ನು ತಂದಲ್ಲಿಯೇ ಸುರಿದು ಬರುವಂತೆ ಗಂಡನಿಗೆ ಹೇಳಿದರು. ಆತನು ಹಾಗೆಯೇ ಮಾಡಿದನು. ಮೋಳಿಗೆಯ ಮಾರಯ್ಯನವರ ಸಂಗತಿ ಇನ್ನೂ ಸೂಕ್ಷ್ಮವಾದುದು. ಕಟ್ಟಿಗೆ ಹೊತ್ತು ಮಾರಿ ಬಾಳುತ್ತಿದ್ದ ಆ ಶರಣರ ಬಡತನವನ್ನು ಕಂಡು ಮರುಗಿದ ಬಸವಣ್ಣನವರು, ಆತನಿಲ್ಲದ ಹೊತ್ತಿನಲ್ಲಿ ಮನೆಗೆ ಹೋಗಿ, ಮಹಾದೇವಮ್ಮನವರು ಬಡಿಸಿದ ಅಂಬಲಿಯನ್ನು ಸ್ವೀಕರಿಸಿ, ಯಾರಿಗೂ ತಿಳಿಯದಂತೆ ಹೊನ್ನನ್ನು ಇಟ್ಟು ಬಂದರು. ಉಪಕಾರವೇ ಸರಿ, ಆದರೆ ಗುಟ್ಟಿನ ಉಪಕಾರ. ಮಾರಯ್ಯನವರು ಅದನ್ನು ಒಪ್ಪಲಿಲ್ಲ; ಅಣ್ಣನವರ ಕೊಡುಗೆಯಲ್ಲಿ ಅಡಗಿದ್ದ ಅಹಂಕಾರದ ಎಳೆಯನ್ನು ಬಿಚ್ಚಿ ತೋರಿಸಿದರು. ಕಟ್ಟಿಗೆ ಹೊರುವವನು ಭಂಡಾರಿಯನ್ನು ತಿದ್ದಿದನು, ಭಂಡಾರಿಯು ತಿದ್ದಿಕೊಂಡನು.

ಕಿನ್ನರಿ ಬೊಮ್ಮಯ್ಯನವರ ಉಳ್ಳಿಯ ಕಥೆ ಮಕ್ಕಳಿಗೂ ಪ್ರಿಯವಾದುದು. ಉಳ್ಳಿಯನ್ನು ಹಳಿದ ಮಾತಿನಿಂದ ನೊಂದ ಬೊಮ್ಮಯ್ಯನವರು ಮುನಿದು ಹೊರಟುಹೋದರು. ತಾವಾಡಿದ ಸಣ್ಣ ಮಾತಿನಿಂದ ಒಬ್ಬ ಜೊತೆಗಾರನಿಗೆ ನೋವಾಯಿತೆಂದು ತಿಳಿದ ಬಸವಣ್ಣನವರು ಉಳ್ಳಿಯನ್ನೇ ಮೆರೆಸಿಕೊಂಡು ಸಡಗರದಿಂದ ಹೋಗಿ ಅವರನ್ನು ಕರೆತಂದರು. ಉಳ್ಳಿಯಂತಹ ಕ್ಷುಲ್ಲಕ ವಸ್ತುವಿಗಾಗಿ ಇಷ್ಟೇಕೆಂದು ನಗುವವರು, ಕೂಡಿ ದುಡಿಯುವ ಮನೆಗಳು ಮುರಿಯುವುದು ಹೆಚ್ಚಾಗಿ ಇಂತಹ ಉಳ್ಳಿಗಳಿಂದಲೇ ಎಂಬುದನ್ನು ಯೋಚಿಸಲಿ.

ಹೀಗೆ ಬೆಳಿಗ್ಗೆ ಒಂದು ಗಾಳಿ, ಮಧ್ಯಾಹ್ನ ಇನ್ನೊಂದು ಗಾಳಿ. ಎರಡರ ನಡುವೆ ನಡೆದಾಡುತ್ತಿದ್ದವರು ಬಸವಣ್ಣನವರು. ಅವರೇಕೆ ಆ ಓಲಗವನ್ನು ಮೊದಲೇ ಬಿಡಲಿಲ್ಲವೆಂಬ ಪ್ರಶ್ನೆ ಏಳದಿರದು. ಕೆಟ್ಟ ಮನೆಯಲ್ಲಿ ದುಡಿಯುವ ಒಳ್ಳೆಯವರೆಲ್ಲರ ಪ್ರಶ್ನೆಯೂ ಅದೇ. ಹೊಟ್ಟೆಪಾಡಿಗಾಗಿ ಅವರು ಅಲ್ಲಿರಲಿಲ್ಲ. ಅಧಿಕಾರದ ಆಸೆಗಾಗಿಯೂ ಅಲ್ಲ. ನಾಡಿನ ಹಣ ಒಳ್ಳೆಯ ಕೈಯಲ್ಲಿರಬೇಕೆಂಬುದೊಂದೇ ಕಾರಣವೆಂದು ಅವರ ನಡತೆಯಿಂದ ಊಹಿಸಬಹುದು. ತಮ್ಮ ಮೇಲೆ ಬಂದ ಅಪವಾದವನ್ನು ಅವರು ಸಹಿಸಿದರು, ಉತ್ತರ ಕೊಟ್ಟರು, ಮತ್ತೆ ಹೋಗಿ ಕಡತದ ಮುಂದೆ ಕುಳಿತರು.

ಎರಡನೆಯ ದೂರು ಬರಲು ಹೆಚ್ಚು ಕಾಲ ಬೇಕಾಗಲಿಲ್ಲ. ಅಂತ್ಯಜರೆಂದು ಲೋಕವು ದೂರವಿಟ್ಟಿದ್ದ ಶಿವನಾಗಿದೇವರ ಮನೆಯಲ್ಲಿ ಬಸವಣ್ಣನವರು ಪ್ರಸಾದ ಸ್ವೀಕರಿಸಿದರು. ಅದೇ ಕೈಕಾಲುಗಳಿಂದ ಅರಮನೆಗೆ ಬಂದು ಓಲಗವನ್ನು ಮೈಲಿಗೆ ಮಾಡುತ್ತಿದ್ದಾರೆಂಬ ಕೂಗೆದ್ದಿತು. ಈ ಸಾರಿ ಎಣಿಸಿ ನೋಡಲು ಹೊನ್ನಿರಲಿಲ್ಲ. ಆದರೂ ಬಿಜ್ಜಳನು ಬಸವಣ್ಣನವರನ್ನೂ ನಾಗಿದೇವರನ್ನೂ ಕರೆಸಿದನು, ಕೇಳಿದನು, ಉತ್ತರವನ್ನು ಆಲಿಸಿದನು. ಒಪ್ಪಿದನೋ ಬಿಟ್ಟನೋ, ಕೇಳುವಷ್ಟು ವಿವೇಕ ಇನ್ನೂ ಉಳಿದಿತ್ತು. ಅಂದೂ ಅಪವಾದವನ್ನು ಹೊತ್ತು ತಂದವರು ಹೊತ್ತು ತಂದಂತೆಯೇ ಸುಖವಾಗಿ ಹಿಂದಿರುಗಿದರು.

ಮೂರನೆಯದು ಮಧುವರಸ ಹರಳಯ್ಯನವರ ಪ್ರಸಂಗ. ಬ್ರಾಹ್ಮಣಕುಲದಿಂದ ಬಂದ ಶರಣ ಮಧುವರಸರ ಮಗಳಿಗೂ ಸಮಗಾರಕುಲದಿಂದ ಬಂದ ಶರಣ ಹರಳಯ್ಯನವರ ಮಗನಿಗೂ ವಿವಾಹವಾಯಿತು. ಶರಣರ ದೃಷ್ಟಿಯಲ್ಲಿ ಇಬ್ಬರೂ ಲಿಂಗವಂತರು, ಅಲ್ಲಿಗೆ ಕುಲದ ಮಾತು ಮುಗಿಯಿತು. ಓಲಗದವರು ಇದನ್ನು ವರ್ಣಸಂಕರವೆಂದು, ರಾಜ್ಯಕ್ಕೆ ಒದಗಿದ ಅನರ್ಥವೆಂದು ಅರಸನ ಕಿವಿಯಲ್ಲಿ ತುಂಬಿದರು. ಮೊದಲನೆಯ ಸಾರಿ ಅರಸನು ಎಣಿಸಿದ್ದನು, ಎರಡನೆಯ ಸಾರಿ ಕೇಳಿದ್ದನು; ಈ ಸಾರಿ ಎಣಿಸಲೂ ಇಲ್ಲ, ಕೇಳಲೂ ಇಲ್ಲ. ಚಾಡಿಯ ರುಚಿ ಕಂಡ ಕಿವಿಗೆ ವಿಚಾರಣೆ ಬೇಸರವಾಗುವ ಕಾಲ ಬರುತ್ತದೆ. ಹರಳಯ್ಯ ಮಧುವರಸರ ಕಣ್ಣು ಕೀಳಿಸಿ, ಆನೆಯ ಕಾಲಿಗೆ ಕಟ್ಟಿಸಿ ಎಳೆಸಿದನೆಂದು ಪುರಾಣಗಳು ಹೇಳುತ್ತವೆ. ಆ ಭಾಗವನ್ನು ಓದುವಾಗ ಇಂದಿಗೂ ಪುರಾಣಿಕರ ಕಂಠ ಗದ್ಗದವಾಗುತ್ತದೆ.

ತಮ್ಮೊಬ್ಬರ ಮೇಲೆ ಅಪವಾದ ಬಂದಾಗ ಹುದ್ದೆಯನ್ನು ಬಿಡದ ಬಸವಣ್ಣನವರು, ಅಪವಾದದ ಫಲವನ್ನು ಇತರರು ಉಣ್ಣಬೇಕಾಗಿ ಬಂದಾಗ ಅಲ್ಲಿ ನಿಲ್ಲಲಿಲ್ಲ. ಭಂಡಾರದ ಮುದ್ರೆಯನ್ನೂ ಕಲ್ಯಾಣವನ್ನೂ ಬಿಟ್ಟು ಕೂಡಲಸಂಗಮದ ದಾರಿ ಹಿಡಿದರು. ಇದ್ದುದಕ್ಕೂ ಹೋದುದಕ್ಕೂ ಒಂದೇ ಅಳತೆಗೋಲು. ಅವರು ಹಿಂದಿರುಗಿ ತಮ್ಮ ಒಡೆಯನ ಮೇಲೆ ದೂರು ಹೊರಿಸಲಿಲ್ಲ. ಮಂಚಣ್ಣನ ಮೇಲೆ ಹಗೆ ಸಾಧಿಸಲಿಲ್ಲ.

ಮುಂದೆ ಕಲ್ಯಾಣದಲ್ಲಿ ನಡೆದುದು ಬೇರೆ ಬಗೆಯ ಕಥೆ. ಹರಳಯ್ಯ ಮಧುವರಸರ ಸಾವಿನಿಂದ ಕುದಿಯುತ್ತಿದ್ದ ಜಗದೇವ, ಮಲ್ಲಯ್ಯ, ಬೊಮ್ಮಯ್ಯರು ಬಿಜ್ಜಳನನ್ನು ಕೊಂದರೆಂದು ಪುರಾಣಗಳು ಹೇಳುತ್ತವೆ. 1167ರ ಸುಮಾರಿಗೆ ಬಿಜ್ಜಳನ ಆಳ್ವಿಕೆ ಮುಗಿದು ಮಗ ಸೋವಿದೇವನ ಆಳ್ವಿಕೆ ಆರಂಭವಾದುದನ್ನು ಶಾಸನಗಳು ತಿಳಿಸುತ್ತವೆ. ಶರಣಗಣವು ಚದರಿತು, ಚೆನ್ನಬಸವಣ್ಣನವರೊಡನೆ ಒಂದು ಗುಂಪು ಕಾಡುಮೇಡುಗಳನ್ನು ದಾಟಿ ಉಳವಿಯನ್ನು ಸೇರಿತು. ಇತ್ತ ಚಾಡಿಕೋರರು ಕಾಪಾಡಿಕೊಂಡ ಅರಮನೆಯ ಗತಿಯೇನಾಯಿತು? ಸೋವಿದೇವ, ಸಂಕಮ, ಆಹವಮಲ್ಲ, ಸಿಂಘಣ ಎಂದು ಬಿಜ್ಜಳನ ಮಕ್ಕಳು ಒಬ್ಬರ ಹಿಂದೊಬ್ಬರು ಪಟ್ಟವೇರಿ ಇಳಿದರು. 1184ರ ಹೊತ್ತಿಗೆ ಬ್ರಹ್ಮನೆಂಬ ದಂಡನಾಯಕನ ಬಲದಿಂದ ಚಾಲುಕ್ಯ ನಾಲ್ಕನೆಯ ಸೋಮೇಶ್ವರನು ಕಲ್ಯಾಣವನ್ನು ಮರಳಿ ಪಡೆದನು. ಬಿಜ್ಜಳನು ಸಿಂಹಾಸನವೇರಿದ ದಿನದಿಂದ ಲೆಕ್ಕ ಹಾಕಿದರೆ ಕಳಚುರಿಗಳ ಸಾಮ್ರಾಜ್ಯ ಕಾಲು ಶತಮಾನವನ್ನೂ ತುಂಬಲಿಲ್ಲ. ಇದಕ್ಕೆ ಯುದ್ಧ, ದಾಯಾದಿತನ, ಮಾಂಡಲಿಕರ ಬಲ ಮೊದಲಾದ ಕಾರಣಗಳನ್ನು ಚರಿತ್ರಕಾರರು ಕೊಡುತ್ತಾರೆ. ಅವೆಲ್ಲವೂ ಸರಿ. ಆದರೆ ಅಂತಹ ಕಷ್ಟಕಾಲದಲ್ಲಿ ರಾಜ್ಯವನ್ನು ಎತ್ತಿ ಹಿಡಿಯಬೇಕಾದವರು ಅರಮನೆಯಲ್ಲಿ ಉಳಿದಿರಬೇಕಷ್ಟೆ! ನಿಜ ಹೇಳುವವರು ಹೋದ ಮೇಲೆ ಅಲ್ಲಿ ಉಳಿದವರು ಎಂತಹವರೆಂಬುದನ್ನು ಊಹಿಸುವುದು ಕಷ್ಟವಲ್ಲ.

ಕಲ್ಯಾಣದ ಕೇಡು ಕಲ್ಯಾಣದಲ್ಲಿಯೇ ಉಳಿಯಲಿಲ್ಲ. ನಡುಗಂಬ ಜಾರಿದರೆ ತೊಲೆಗಳೂ ಜಾರುವುವು. ಮರಳಿ ಬಂದ ಚಾಲುಕ್ಯರೂ ಹೆಚ್ಚು ಕಾಲ ನಿಲ್ಲಲಿಲ್ಲ. ಉತ್ತರದಿಂದ ಸೇವುಣರು, ದಕ್ಷಿಣದಿಂದ ಹೊಯ್ಸಳರು ನುಗ್ಗಿ ಬಂದರು. ತುಂಗಭದ್ರೆಯ ಎರಡು ದಡಗಳೂ ಕಾಳಗದ ಕಣವಾದವು. ಅಂದು ಬಳ್ಳಕುಂದೆ ನಾಡಿನ ಕುರುಗೋಡಿನಲ್ಲಿ ಸಿಂದ ಮನೆತನದವರು ಆಳುತ್ತಿದ್ದರು. ಅಲ್ಲಿಯ ಹಳೆಯ ಕಲ್ಲುಗುಡಿಗಳು ಆ ಕಾಲದ ನೆನಪನ್ನು ಇಂದಿಗೂ ಉಳಿಸಿಕೊಂಡಿವೆ. ಹೊಯ್ಸಳ ವೀರಬಲ್ಲಾಳನು ಹಿಡಿದ ಕೋಟೆಗಳ ಪಟ್ಟಿಯಲ್ಲಿ ಕುರುಗೋಡಿನ ಹೆಸರೂ ಇದೆ. ಕರೂರು ಸಿರುಗುಪ್ಪಗಳ ಸೀಮೆಯ ಒಕ್ಕಲಿಗನು ಬಿಜ್ಜಳನನ್ನು ಕಂಡವನಲ್ಲ, ಮಂಚಣ್ಣನ ಹೆಸರನ್ನು ಕೇಳಿದವನಲ್ಲ. ಆದರೂ ದೂರದ ಒಂದು ಓಲಗದ ಮೂಲೆಯಲ್ಲಿ ಆಡಿದ ಪಿಸುಮಾತಿಗೆ ಅವನ ಹೊಲವೂ ಬೆಲೆ ತೆರಬೇಕಾಯಿತು.

ಇದು ಕಲ್ಯಾಣದ ಅರಸನೊಬ್ಬನ ದುರ್ದೈವವೆಂದು ತಿಳಿಯಬೇಕಾಗಿಲ್ಲ. ಮುನ್ನೂರು ವರ್ಷಗಳ ಮೇಲೆ, ಕಲ್ಯಾಣಕ್ಕೆ ಸಮೀಪದಲ್ಲಿರುವ ಬೀದರದಲ್ಲಿ, ಬಹಮನಿ ಸುಲ್ತಾನರ ಆಸ್ಥಾನದಲ್ಲಿ ಇಂತಹುದೇ ಸಂಗತಿ ನಡೆಯಿತು. ಪರ್ಷಿಯಾ ದೇಶದ ಗೀಲಾನಿನಿಂದ ವ್ಯಾಪಾರಿಯಾಗಿ ಬಂದು ಪ್ರಧಾನಮಂತ್ರಿಯಾದ ಮಹಮೂದ್ ಗವಾನನು ರಾಜ್ಯವನ್ನು ಹಿಗ್ಗಿಸಿದನು. ದೊಡ್ಡ ಪ್ರಾಂತಗಳನ್ನು ಒಡೆದು ಚಿಕ್ಕದಾಗಿ ಮಾಡಿ ಪ್ರಾಂತಾಧಿಕಾರಿಗಳ ಸೊಕ್ಕನ್ನು ಇಳಿಸಿದನು. 1472ರಲ್ಲಿ ಬೀದರದಲ್ಲಿ ವಿದ್ಯಾಲಯವನ್ನು ಕಟ್ಟಿಸಿದನು, ಅದರ ಗೋಪುರ ಇಂದಿಗೂ ನಿಂತಿದೆ. ಆಸ್ಥಾನದಲ್ಲಿ ದಖ್ಖನಿಗಳು, ಪರದೇಶಿಗಳು ಎಂದು ಎರಡು ಪಕ್ಷಗಳು ಒಂದನ್ನೊಂದು ಹಲ್ಲು ಕಡಿಯುತ್ತಿದ್ದವು. ಗವಾನನ ಮುದ್ರಾಧಿಕಾರಿಯನ್ನು ವಂಚಿಸಿ, ಬರಿಯ ಕಾಗದದ ಮೇಲೆ ಮುದ್ರೆ ಒತ್ತಿಸಿಕೊಂಡು, ಒಡಿಶಾದ ಅರಸನನ್ನು ದಂಡೆತ್ತಿ ಬರಲು ಕರೆಯುವ ಪತ್ರವನ್ನು ಅದರ ಮೇಲೆ ಬರೆದು ಸುಲ್ತಾನನಿಗೆ ತೋರಿಸಿದರು. ಸುಲ್ತಾನ ಮೂರನೆಯ ಮಹಮ್ಮದನು ವಿಚಾರಿಸದೆ 1481ರಲ್ಲಿ ಆ ವೃದ್ಧ ಮಂತ್ರಿಯ ತಲೆಯನ್ನು ತೆಗೆಸಿದನು. ಆಮೇಲೆ ಅವನ ಆಸ್ತಿಯನ್ನು ಎಣಿಸಿದರು. ಬಿಜ್ಜಳನು ಮೊದಲು ಎಣಿಸಿದನು. ಇವನು ಕೊಂದ ಮೇಲೆ ಎಣಿಸಿದನು. ರಾಶಿರಾಶಿಯಾಗಿ ಸಿಕ್ಕೀತೆಂದಿದ್ದ ಹೊನ್ನು ಸಿಗಲಿಲ್ಲ; ಮಂತ್ರಿಯು ಗಳಿಸಿದುದು ಬಡವರಿಗೆ, ವಿದ್ವಾಂಸರಿಗೆ ಸಂದುಹೋಗಿತ್ತು, ತನಗಾಗಿ ಇಟ್ಟುಕೊಂಡುದು ಅತ್ಯಲ್ಪ. ಸುಲ್ತಾನನು ಪಶ್ಚಾತ್ತಾಪದಲ್ಲಿ ಬೆಂದು 1482ರಲ್ಲಿ ಸತ್ತನು. ಬಹಮನಿ ರಾಜ್ಯವು ಮುಂದಿನ ಕೆಲವು ದಶಕಗಳಲ್ಲಿ ಐದು ಹೋಳಾಯಿತು. ಮತ ಬೇರೆ, ಭಾಷೆ ಬೇರೆ, ಕಾಲ ಬೇರೆ. ಕಿವಿಯ ರೋಗ ಮಾತ್ರ ಒಂದೇ.

ಬಸವಣ್ಣನವರು ಕೂಡಲಸಂಗಮದಲ್ಲಿ ಲಿಂಗೈಕ್ಯರಾದರು. ಬಾಲ್ಯದಲ್ಲಿ ವಿದ್ಯೆ ಕಲಿತ ಸ್ಥಳಕ್ಕೇ, ಬಂದಾಗ ತಂದುದಕ್ಕಿಂತ ಹೆಚ್ಚಾಗಿ ಏನನ್ನೂ ತಾರದೆ ಬಂದು ಸೇರಿದರು. ಗಂಗಾಂಬಿಕೆ ನೀಲಾಂಬಿಕೆಯರಿಗೆ ಭಂಡಾರಿಯ ಹೆಂಡಿರೆಂಬ ಸಂಪತ್ತೇನೂ ಉಳಿಯಲಿಲ್ಲ. ನಾರಾಯಣಪುರದ ಅಣೆಕಟ್ಟಿನ ಹಿನ್ನೀರು ಸಂಗಮದ ಸುತ್ತ ಏರಿದ ಮೇಲೆ, ಅಣ್ಣನವರ ಐಕ್ಯಸ್ಥಳಕ್ಕೆ ಬಾವಿಯಂತೆ ಸುತ್ತಲೂ ಎತ್ತರದ ಗೋಡೆ ಕಟ್ಟಿ ಕಾಪಾಡಲಾಗಿದೆ. ಭಕ್ತರು ಮೆಟ್ಟಿಲುಗಳನ್ನಿಳಿದು ಹೋಗಿ ದರ್ಶನ ಪಡೆಯುತ್ತಾರೆ.

ಬಿಜ್ಜಳನ ವಂಶ ಅಳಿದು ಮುಕ್ಕಾಲು ಶತಮಾನ ಕಳೆದ ಮೇಲೆ, 1260ರಲ್ಲಿ, ಬೆಳಗಾವಿ ಜಿಲ್ಲೆಯ ಹುಕ್ಕೇರಿ ತಾಲ್ಲೂಕಿನ ಅರ್ಜುನವಾಡದಲ್ಲಿ ಒಂದು ಶಾಸನವನ್ನು ಕೆತ್ತಿಸಿದರು. ಆಗ ಆ ನಾಡನ್ನು ಆಳುತ್ತಿದ್ದವರು ಸೇವುಣರು. ಕಳಚುರಿಗಳ ಋಣವಾಗಲಿ ಭಯವಾಗಲಿ ಆ ಕಲ್ಲಿಗೆ ಇರಲಿಲ್ಲ. ಅದರಲ್ಲಿ ಸಂಗನಬಸವನ ಹೆಸರನ್ನು ಭಕ್ತಿಯಿಂದ ಬರೆಸಿದ್ದಾರೆ. ಆ ಅಕ್ಷರಗಳನ್ನು ಇಂದಿಗೂ ಓದಬಹುದು.